ಕಡವಿನ ಕಿವಿ

ಸುಲ್ತಾನ್ ಬತ್ತೇರಿಯ ಕಡವಿನಲ್ಲಿ
ಟಿಕೇಟು ಹರಿದು ಕೊಡುವವನು ನಾನು.
ಹನ್ನೊಂದು ವರ್ಷ, ಈ ದಡ, ಆ ತಣ್ಣೀರುಬಾವಿ,
ನಡುವೆ ನೋಡಿದ್ದು ಬರೇ ಹೊಳೆಯ ಬೆನ್ನು.
ಹೊಟ್ಟೆಯ ಮಾತು ನನಗೆ ಯಾಕೆ?

ಲವೀನಾ ತಾವ್ರೋ ಎಂಬ ಹುಡುಗಿ ಬಂದಳು.
ಬಂದರು ಕಚೇರಿಯ ಮೊಹರು ಬಿದ್ದ ಕಾಗದ,
ಒಂದು ಸುರುಳಿ ಕರಿ ವಯರು,
ಬಂಗುಡೆ ಬುಟ್ಟಿಯಷ್ಟು ಬಾಯಿಯ ಒಂದು ಕಹಳೆ.
ವಯರಿನ ತುದಿಯ ಗುಂಡನ್ನು
ಎರಡು ಮಾರು ಆಳಕ್ಕೆ ಇಳಿಬಿಟ್ಟು
“ಅದು ಕಿವಿ, ಇದು ಬಾಯಿ.
ನಾನು ಏನೂ ಸೇರಿಸುವುದಿಲ್ಲ,
ಸ್ವಲ್ಪ ದೊಡ್ಡದು ಮಾಡುತ್ತೇನೆ, ಅಷ್ಟೆ.”
“ಹತ್ತು ದಿನಕ್ಕಾ? ಟಿಕೇಟು ಎಷ್ಟು?”
“ಇಲ್ಲ.”
ಟಿಕೇಟಿಲ್ಲದ್ದನ್ನು ನಂಬುವುದು ನನ್ನ ಕಸುಬಿಗೆ ಕಷ್ಟ.

ಮೊದಲ ದಿನ ಬಂದದ್ದು
ಚಟಪಟ ಚಟಪಟ,
ತೆಂಗಿನೆಣ್ಣೆಗೆ ಬಿದ್ದ ಸಾಸಿವೆ, ನಿಲ್ಲದೆ.
ದಾರಿಹೋಕರು ಎರಡು ಹೆಜ್ಜೆ ಹಿಂದೆ ಸರಿದರು.
“ಶಾರ್ಟ್ ಆಗಿದೆ” ಅಂದ ಕಾಲೇಜಿನ ಹುಡುಗ.
ಯಾರೋ ಫೋನು ಮಾಡಿ, ಲೈನ್‌ಮನ್ ತ್ಯಾಂಪಣ್ಣ ಬಂದು
ಕಂಬಕ್ಕೆ ಟೆಸ್ಟರ್ ಹಚ್ಚಿ ನೋಡಿ
“ಕರೆಂಟು ಇಲ್ಲ ಮಾರಾಯ, ಇದು ಬೇರೆ ಎಂತದೋ” ಎಂದ.

ಸಿಗಡಿ.
ಕಿರುಬೆರಳಿನಷ್ಟು ಇರುವಂಥದ್ದು.
ಒಂದು ಕೊಂಡಿ ಮಡಚಿ ಬಿಟ್ಟರೆ ನೀರೇ ಸಿಡಿಯುತ್ತದಂತೆ.
ಜೆಟ್ಟಿಯ ಕಂಬಗಳ ಬುಡದಲ್ಲಿ, ಕಲ್ಲಿನ ಸಂದಿಯಲ್ಲಿ,
ಹಗಲಿಲ್ಲ, ರಾತ್ರಿಯಿಲ್ಲ, ಸಾವಿರ ಸಾವಿರ.
ಅಂದರೆ ಹನ್ನೊಂದು ವರ್ಷ
ನಾನು ನಿಂತದ್ದು ಒಂದು ಒಗ್ಗರಣೆಯ ಮೇಲೆ.

ಅಪ್ಪಿ ಕರ್ಕೇರ ಬುಟ್ಟಿ ಇಳಿಸದೆ ನಿಂತು ಕೇಳಿದಳು.
“ಜೀವ ಇರುವಾಗ ಇಷ್ಟು ಮಾತಾಡುತ್ತವಾ ಇವು?”
ಬುಟ್ಟಿಯ ಮೇಲಿನ ಪ್ಲಾಸ್ಟಿಕನ್ನು
ಸ್ವಲ್ಪ ಮುಂದಕ್ಕೆ ಎಳೆದು ಮುಚ್ಚಿದಳು.
ಒಳಗೆ ಇದ್ದದ್ದೂ ಅದೇ ಜಾತಿ.
ಮರುದಿನ ಕೂಗಿ ಮಾರಿದಳು:
“ಮಾತಾಡುವ ಸಿಗಡಿ, ಹತ್ತು ರೂಪಾಯಿ ಜಾಸ್ತಿ!”

ಮುಸ್ಸಂಜೆಗೆ ಇನ್ನೊಂದು ಸದ್ದು,
ಒದ್ದೆ ಚರ್ಮದ ಮೇಲೆ ಬೆರಳು ಆಡಿಸಿದ ಹಾಗೆ,
ಗುರ್… ಗುರ್… ಗುರ್…
ಲವೀನಾ ಪುಸ್ತಕ ತಿರುವುತ್ತಿದ್ದಳು.
ಬೋಟಿನ ಇದಿನಬ್ಬ ಬೀಡಿ ಬಾಯಿಂದ ತೆಗೆಯದೆಯೇ ಹೇಳಿದ,
“ಕಲ್ಲೂರು. ಹಿಂಡು ಉಂಟು.”
ಅವನ ಅಜ್ಜ ದೋಣಿ ನಿಲ್ಲಿಸಿ
ನೀರಿಗೆ ಹುಟ್ಟು ಊರಿ
ಹಿಡಿಕೆಗೆ ಕಿವಿ ಕೊಡುತ್ತಿದ್ದನಂತೆ.
ಮರದೊಳಗೆ ಹತ್ತಿಕೊಂಡು ಬರುತ್ತಿತ್ತು ಮೀನಿನ ದನಿ.
“ಎಂಜಿನ್ ಬಂತು, ಹುಟ್ಟು ಅಟ್ಟಕ್ಕೆ ಹೋಯಿತು,
ಕಿವಿಯೂ ಅದರ ಒಟ್ಟಿಗೆ.”

ಐದನೆಯ ದಿನ ಅವನಿಗೆ ಜ್ವರ. ಬೋಟು ಬಿಟ್ಟದ್ದು ಅಳಿಯ.
ಕಂಬಳಿ ಹೊದ್ದು ಕಹಳೆಯ ಪಕ್ಕ ಕೂತಿದ್ದ.
ಆಚೆ ದಡದಲ್ಲಿ ಬೋಟು ಇನ್ನೂ ಬೆರಳುಗುರಿನಷ್ಟು.
ಮೊದಲು ಸಾಸಿವೆ ಅಡಗಿತು.
ಆಮೇಲೆ ಬಂತು.
ಜಲ್ಲಿ ಅರೆಯುವ ಯಂತ್ರವನ್ನು
ಯಾರೋ ಮನೆಯ ಒಳಕೋಣೆಗೆ ತಂದು ನಿಲ್ಲಿಸಿದ ಹಾಗೆ.
ಶಾಲೆಯ ಮಕ್ಕಳು ಕಿವಿ ಮುಚ್ಚಿಕೊಂಡರು.
ಮೇಲೆ ಗಾಳಿಯಲ್ಲಿ ನಮ್ಮ ಬೋಟು
ಎಂದಿನಂತೆ ಟುಕುಟುಕು ಅನ್ನುತ್ತಿತ್ತು.

“ಅದು ಯಾರು?” ಅಂದ ಇದಿನಬ್ಬ.
ಗೊತ್ತಿದ್ದೂ ಕೇಳಿದ.
“ನಮ್ಮದೇ.”
ಅವನು ಬೀಡಿ ಹಚ್ಚಲಿಲ್ಲ.

ಜ್ವರ ಬಿಟ್ಟ ಮೇಲೆ, ಸಂಜೆಯ ಕೊನೆಯ ಟ್ರಿಪ್ಪು,
ಜೆಟ್ಟಿ ಇನ್ನೂ ಐವತ್ತು ಮಾರು ಇರುವಾಗಲೇ
ಎಂಜಿನ್ ಕುತ್ತಿಗೆ ಹಿಚುಕಿದ.
ಉಬ್ಬರ ತಾನೇ ಹೊತ್ತು ತಂದಿತು
ಇಪ್ಪತ್ತೆರಡು ಜನ, ಮೂರು ಸೈಕಲ್ಲು,
ಕೋಳಿಯ ಒಂದು ಪಂಜರ.
“ಡೀಸೆಲ್ ಮುಗಿಯಿತಾ?” “ಹೂಂ.”
ಕಹಳೆಯಲ್ಲಿ ಏನೂ ಇಲ್ಲ.
ಏನೂ ಇಲ್ಲ.
ಒಂದು ಚಟ್.
ತುಂಬ ಹೊತ್ತಿನ ಮೇಲೆ ಇನ್ನೊಂದು.

ಹತ್ತನೆಯ ದಿನ ಕಹಳೆ ಬಿಚ್ಚಿಕೊಂಡು ಹೋದಳು.
ಕಾಂಕ್ರೀಟಿನಲ್ಲಿ ನಾಲ್ಕು ತೂತು ಉಳಿದಿವೆ.
ಒಂದರಲ್ಲಿ ಯಾರೋ ಊದುಬತ್ತಿ ಸಿಕ್ಕಿಸಿದ್ದರು, ನಾನೇ ಕಿತ್ತೆ.

ಇದಿನಬ್ಬ ಈಗಲೂ ಐವತ್ತು ಮಾರಿಗೆ ಎಂಜಿನ್ ಆರಿಸುತ್ತಾನೆ.
ಜನ ಬೈಯುತ್ತಾರೆ, ಆಮೇಲೆ ಸುಮ್ಮನಿರುತ್ತಾರೆ,
ಆ ಸುಮ್ಮನೆಗೆ ನಾನು ದುಡ್ಡು ತೆಗೆದುಕೊಂಡಿಲ್ಲ.
ಕಂತ್ರಾಟಿನವರ ಪುಸ್ತಕದಲ್ಲಿ
ಡೀಸೆಲ್ ಉಳಿತಾಯ ಅಂತ ಬರೆದಿದ್ದೇನೆ.
ಎಷ್ಟು ಲೀಟರು ಎಂದು ಕೇಳಿದ್ದಾರೆ.