ಎರಡು ಗೇಣು

ಮಳಿ ನಿಂತ ಮ್ಯಾಲೆ ಇಗರ್ಜಿಗೆ ಸುಣ್ಣ.
ಹನ್ನೊಂದು ವರ್ಷ ಆತು, ನಂದ ಈ ಕೆಲಸ.
'ಘಾಂಟಿ ಬಂದ' ಅಂತಾವ ವಾಡ್ಯಾದ ಹುಡುಗರು,
ಘಟ್ಟದ ಮ್ಯಾಲಿನವ ಅಂತ.
ನಾ ಬಾದಾಮಿ ಕಡೆಯವ.
ಬೈಗಳ ಅಲ್ಲ, ವಿಳಾಸ ಅನಕೊಂಡೀನಿ.

ಈ ಸಲ ಸುಣ್ಣ ಬ್ಯಾಡಂತ.
ಆಮದಾರರು ರೊಕ್ಕ ಕೊಟ್ಟಾರ, ಪ್ಲಾಸ್ಟಿಕ್ ಪೇಂಟು.
ಹಳೇದೆಲ್ಲ ಕೆರೀಬೇಕು. ಫೆಸ್ತಕ್ಕ ಒಂಬತ್ತ ದಿನ.

ಏಣಿ ಹತ್ತಿ ಕಮಾನು ಕೆರದೆ.
ಬಿಳಿ, ಆಮ್ಯಾಲೆ ನೀಲಿ, ಮತ್ತ ಬಿಳಿ,
ಒಂದು ಕಡೆ ಯಾವ ಕಾಲದ್ದೋ ಹೊಗಿ,
ಅದರಡಿ ಕಲ್ಲಿನ ಗುರಾಣಿ, ಗುರಾಣಿ ಮ್ಯಾಲೊಂದು ಕಿರೀಟ.
ಕೆಳಗ, ಶಿಲುಬಿ ಮ್ಯಾಲೆ ಜೋತ ಯೇಸುವಿನ ತಲಿ,
ತಲಿ ಮ್ಯಾಲೆ ಮುಳ್ಳಿನ ಸಿಂಬಿ.
ಕೈ ಹಾಸಿ ಅಳದೆ:
ಮುಳ್ಳಿಂದ ಕಿರೀಟಕ್ಕ ಎರಡು ಗೇಣು.

ಪಾದ್ರಿ ಎವಾರಿಸ್ತ ಚಸ್ಮಾ ಒರಸಿ ನೋಡಿದ್ರು.
"ಪೋರ್ತುಗಾಲದ ರಾಜಂದು.
ಆವಾಗ ಪಾದ್ರಿಗಳ ಪಗಾರ ಅವನ ಖಜಾನಿಯಿಂದ."
ಪಗಾರ ಕೊಟ್ಟಾಂವನ ಟೊಪಗಿ ಮ್ಯಾಲೇ ಇರತೈತಿ, ಅಂದೆ.
ನಕ್ಕರೋ ಇಲ್ಲೋ, ಅಷ್ಟೆತ್ತರದಿಂದ ಕಾಣಲಿಲ್ಲ.

ಮಧ್ಯಾಹ್ನ ಗಂಜಿ ತಂದ ಅರ್ಸುಲಾ ಮಾಯಿ ಹೇಳಿದಳು:
ದೇವರನ್ನ ಬುಟ್ಟ್ಯಾಗಿಟ್ಟು ಹೊಳಿ ದಾಟಿದವರು
ಹೊಲ ಕಳಕೊಂಡರಂತ.
ಹೊಲ ಬಿಡಲಾರದವರು ನೀರಿಗೆ ತಲಿ ಕೊಟ್ಟರಂತ.
ಆಕಿ ಹಿರೇರು ತಲಿ ಕೊಟ್ಟವರು.
"ತಂದವರ ಕೈ ಹೊಲಸಿತ್ತು, ಖರೆ.
ಆದ್ರ ನನ್ನ ಮಗ ಸಮುದ್ರದಾಗ ಹ್ವಾದ ರಾತ್ರಿ
ನನ್ನ ಕೂಡ ಎದ್ದು ಕುಂತಾಂವ ರಾಜ ಅಲ್ಲ,
ಇಂವ."
ಕೇಳದಲೇ ಇನ್ನೊಂದು ಚೂರು ಉಪ್ಪಿನಕಾಯಿ ಹಾಕಿದಳು.

ಸಂಜೀಗೆ ಆಮದಾರರ ಮಂದಿ ಬಂದ್ರು.
ಬಿಳಿ ಕಲ್ಲಿನ ಹಲಗಿ, ಬಂಗಾರದ ಅಕ್ಷರ, ನಾಕು ಮೊಳೆ.
ಹೋದ ತಿಂಗಳ ಗುಡಿಗೂ ಇಂಥಾದ ಒಂದು ಬಡದಾರಂತ.
ಪಾದ್ರಿ ಮಾತಾಡಲಿಲ್ಲ.
ಹೆಣ ಹುಗಿಯೋ ಜಾಗದ ಗೋಡಿ ಬಿದ್ದೈತಿ,
ಅರ್ಜಿ ಎರಡು ವರ್ಷದಿಂದ ಅವರ ಮೇಜಿನ ಮ್ಯಾಲೈತಿ.
"ಎಲ್ಲಿ ಬಡೀಲಿ?"
"ಮಂದಿ ತಲಿ ಎತ್ತಿದ್ರ ಕಾಣೂ ಕಡೆ."
ಹಲಗಿ ಅಳದೆ. ಒಂದೂವರೆ ಗೇಣು.
ಮುಳ್ಳಿಗೂ ಕಿರೀಟಕ್ಕೂ ನಡುವ
ಹೇಳಿ ಮಾಡಿಸಿದಂಗ ಕೂಡತೈತಿ.
ನಾ ಬಾಯಿ ಬಿಡಲಿಲ್ಲ.

ಹೋಗೂ ಮುಂದ ಒಬ್ಬಾಂವ ಅಂದ,
ಪಾದಕ್ಕೂ ಒಂದು ಕೈ ಬಣ್ಣ ಹೊಡದ ಬಿಡು.
ಶುಭ ಶುಕ್ರವಾರ ಕೆಳಗ ಇಳಸತಾರಲ್ಲ,
ಮುತ್ತು ಕೊಟ್ಟು ಕೊಟ್ಟು ಹೆಬ್ಬೆರಳು ಸವದು
ಒಳಗಿನ ಕಟಗಿ ಕಾಣತೈತಿ.
ಕುಂಚ ಅದ್ದಿದೆ. ಮ್ಯಾಲೆ ನೋಡಿದೆ.
ಕಿರೀಟದ ಅಂಚು ಇನ್ನೂ ಚೂಪು,
ಉಳಿ ನಿನ್ನೆ ಬಿಟ್ಟಂಗ.
ಅದಕ್ಕ ಯಾರ ತುಟೀನೂ ತಾಗಿಲ್ಲ.

ಕುಂಚ ಒರಸಿ ಇಟ್ಟೆ.
ಕತ್ತಲಾಗಾಕ ಹತ್ತೈತಿ.
ಮೊಳೆ ಕಿಸೆದಾಗ ಅದಾವ, ನಾಕೂ.
ಅರ್ಸುಲಾ ಮಾಯಿ ಕೆಳಗ
ಏಣಿ ಹಿಡಕೊಂಡು ನಿಂತಾಳ.