ತಲೆಕಟ್ಟು

ಹೊರಟ ಸಾಮಾನಿನ ಆಟೋ ನಿಲ್ಲಿಸಿ
ಸುಂಕಲಮ್ಮ ಇಳಿದು ಬಂದು
ನನ್ನ ಮುಷ್ಟಿಯಲ್ಲಿ ಏಳು ಪೊಟ್ಟಣ ತುರುಕಿದಳು.
ಕ್ಯಾಲೆಂಡರಿನ ಹಾಳೆ ಹರಿದು ಸುತ್ತಿದ್ದು,
ಒಂದೊಂದರ ಮೇಲೂ ಬಾಲ್‌ಪೆನ್ನಿನ ತೆಲುಗು.
"ಚಳಿ ಹೋಗೂತ್ಲೂ ಹಾಕು ಹುಲಿಗೆವ್ವ,
ಬಿಸಿಲು ಬಲಿಯೂದ್ರೊಳಗ ನಾಕೆಲಿ ಆಗಿರಬೇಕು ನೋಡು."
ಗುಂತಕಲ್ಲು ಒಂದೂವರೆ ತಾಸಿನ ದಾರಿ.
ಅಳುವಷ್ಟು ದೂರವೇನಲ್ಲ.

ಕೌಲ್ ಬಜಾರಿನಲ್ಲಿ ಚಳಿ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ.
ಒಂದು ಬೆಳಿಗ್ಗೆ ಹೊಲಿಗೆ ಮಷೀನಿನ ಗಾಲಿ
ಮುಟ್ಟಿದರೆ ತಣ್ಣಗಿರುವುದಿಲ್ಲ, ಅಷ್ಟೇ.
ಶಿವರಾತ್ರಿಗೆ ಇನ್ನೂ ಹತ್ತು ದಿನ ಇರುವಾಗಲೇ
ಕೋಟೆಗುಡ್ಡದ ಬಂಡೆ ಸಂಜೆ ಏಳಕ್ಕೂ
ಬಾಣಂತಿ ಕೋಣೆಯ ಗೋಡೆಯಂತೆ ಬೆಚ್ಚಗೆ.

ಹಾಲಿನ ಪಾಕೀಟು ಹದಿನಾರು ಕೂಡಿಟ್ಟಿದ್ದೆ.
ತಳಕ್ಕೆ ತೂತು, ಮುರಿದ ಹದಿನೆಂಟರ ಸೂಜಿಯಿಂದ
(ಜೀನ್ಸಿನಲ್ಲಿ ಸೂಜಿ ಮುರಿಯುವುದು ಯಾವಾಗಲೂ
ನಾಲ್ಕು ಪದರ ಕೂಡುವ ತೊಡೆಸಂದಿಯಲ್ಲೇ).
ಕೆಮ್ಮಣ್ಣು ಎರಡು ಪಾಲು, ತಿಪ್ಪೆಗೊಬ್ಬರ ಒಂದು,
ಸುತ್ತ ಬೂದಿಯ ಗೆರೆ, ಇರುವೆಗೆ.
ನಳ ಬರುವುದು ಒಂಬತ್ತು ದಿನಕ್ಕೊಮ್ಮೆ;
ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು
ಇನ್ನು ಮೇಲೆ ಮಾಳಿಗೆಗೆ.

ಹೀರೆ, ಹಾಗಲದ ತೊಗಟೆ ಗಟ್ಟಿ.
ಕಟಿಂಗಿನಲ್ಲಿ ಕೆಟ್ಟ ಜೇಬೊಂದನ್ನು ಒದ್ದೆ ಮಾಡಿ
ಅದರೊಳಗೆ ಮಲಗಿಸಿ
ಆರುತ್ತಿದ್ದ ಅನ್ನದ ಪಾತ್ರೆಯ ಪಕ್ಕ ಇಟ್ಟೆ.
ಮೂರನೇ ದಿನ ಬಿಚ್ಚಿದರೆ
ಮೂಗುಬೊಟ್ಟಿನಷ್ಟು ಬೇರು, ತುದಿಗೆ ನೀಲಿ.
ಬಣ್ಣ ಬಿಡುವ ಮಾಲು!
ಸೇಠನಿಗೆ ಹೇಳಿದರೆ ನಂಬುವುದಿಲ್ಲ.

ಇದೇ ಗಡಿಬಿಡಿಯಲ್ಲಿ ನನ್ನ ಒದ್ದೆಗೈ ತಾಗಿ
ಸುಂಕಲಮ್ಮನ ಬರಹ ಕಲಸಿಹೋಯಿತು.
ಹೋಗಲಿ, ಬೀಜಕ್ಕೆ ಹೆಸರೇಕೆ?
ಹೀರೆ ಕಪ್ಪು, ಹಾಗಲಕ್ಕೆ ಗರಗಸದ ಅಂಚು,
ಟೊಮೆಟೊಗೆ ಮೈತುಂಬ ನವಿರು ರೋಮ,
ಚೆಂಡುಹೂವೆಂದರೆ ಅರ್ಧ ಸುಟ್ಟ ಕಡ್ಡಿ,
ಬದನೆ, ಮೆಣಸಿನಕಾಯಿ ಅಕ್ಕತಂಗಿಯರಾದರೂ
ಮೂಸಿದರೆ ತಂಗಿ ಸೀನು ತರಿಸುತ್ತಾಳೆ.
ಏಳನೆಯದೇ ತಕರಾರು.
ಸಾಸಿವೆಗಿಂತ ಸಣ್ಣ, ಎಣ್ಣೆ ಹಚ್ಚಿದಂಥ ಕರಿ ಮಿಂಚು.
ರಾಜಗಿರಿ ಸೊಪ್ಪಿನದೂ ಹೀಗೇ,
ಕೋಳಿಜುಟ್ಟಿನ ಹೂವಿನದೂ ಹೀಗೇ.
ಸಾರಿಗೋ? ಹಾರಕ್ಕೋ?
ಹಾಳೆಯ ಮೇಲೆ ಉಳಿದದ್ದು
ತಲೆಕಟ್ಟು ಮಾತ್ರ.

ಅವರ ತಲೆಕಟ್ಟು ನಮ್ಮದರ ಹಾಗಲ್ಲ.
ನಮ್ಮದು ಅಕ್ಷರ ಹೊದ್ದ ಸೆರಗು;
ತೆಲುಗಿನದು, ಮೇಷ್ಟ್ರು ಲೆಕ್ಕ ನೋಡಿ
ಸರಿ ಎಂದು ಹಾಕುವ ಗುರುತು.
ಏಳನೇ ಕ್ಲಾಸಿನ ತನಕ ನನ್ನ ನೋಟ್‌ಬುಕ್ಕಿನಲ್ಲಿ
ಅದು ಕಂಡದ್ದು ಅಪರೂಪ.

ಫೋನು ಹಚ್ಚಿದೆ. ಅವಳ ಹಿಂದೆ ರೈಲು ಕೂಗುತ್ತಿತ್ತು.
"ಏಳನೇದಾ? ಏನ್ ಕಟ್ಟಿದ್ನೋ ನನಗೂ ನೆಪ್ಪಿಲ್ಲಮ್ಮಾ.
ನಿನಗ ಏನು ಬೇಕಾಗಿತ್ತು?"
ಸಾರಿಗೆ ಏನಾರ, ಅಂದೆ.
ಫೋನಿಟ್ಟ ಮೇಲೆ
ಹೂವು ಅನ್ನಬೇಕಿತ್ತು ಅನ್ನಿಸಿತು.

ಊರಿದ ನಾಲ್ಕಕ್ಕೆ ಹೀರೆ ಮಣ್ಣೆತ್ತಿ
ಚಿಪ್ಪು ತಲೆಯ ಮೇಲೆ ಹೊತ್ತೇ ಎದ್ದು ನಿಂತಿತು,
ಕೊಡ ಇಳಿಸಲು ಯಾರಾದರೂ ಬರಲಿ ಎನ್ನುವವಳ ಹಾಗೆ.
ನೆರವಿಗೆ ಹೋಗಿ ಒಂದರ ಕತ್ತು ಮುರಿದೆ.
ಆಮೇಲೆ ಕೈಕಟ್ಟಿ ಕೂತೆ.
ಟೊಮೆಟೊ ಆರಕ್ಕೆ. ಬದನೆ ಒಂಬತ್ತಕ್ಕೆ.
ಮೆಣಸಿನಕಾಯಿ ಹನ್ನೆರಡಾದರೂ ಸುದ್ದಿಯಿಲ್ಲ;
ಕೆದಕಿ ನೋಡಿದೆ, ಮುಚ್ಚಿದೆ, ನನ್ನನ್ನೇ ಬೈದುಕೊಂಡೆ.

ಈ ಬೆಳಿಗ್ಗೆ, ಅದಿರಿನ ಲಾರಿಗಳ ಧೂಳು ಏಳುವ ಮುಂಚೆ,
ಏಳನೇ ಪಾಕೀಟಿನಲ್ಲಿ
ಕೆಂಪು ದಾರದೆಳೆಯಂಥ ಕಾಂಡಗಳು.
ಒಂದೊಂದಕ್ಕೂ ಎರಡೇ ಎಲೆ,
ಒಂದು ಗಿಡ್ಡ, ಒಂದು ಬಿಸಿಲ ಕಡೆ ಚಾಚಿ ಉದ್ದ.
ಸೊಪ್ಪೋ ಹೂವೋ ಇನ್ನೂ ಬಾಯಿಬಿಟ್ಟಿಲ್ಲ.
ಮೊಣಕಾಲೂರಿ ಬಗ್ಗಿದೆ.
ಪಾಕೀಟಿನ ತುಂಬ, ಒತ್ತೊತ್ತಾಗಿ, ಜಾಗ ಸಾಲದೆ,
ಸರಿ, ಸರಿ, ಸರಿ, ಸರಿ.

ಅರ್ಧದಷ್ಟು ಕಿತ್ತು ತೆಳು ಮಾಡಬೇಕು.
ನಾಳೆ ಮಾಡಿದರಾಯಿತು.