ಮರಸೇಬಿನ ಪರ ವಕಾಲತ್ತು

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ
ಕಾಯಿ ಬಿಡದ ಮರವನ್ನು ಹೆದರಿಸಬೇಕು.
ಸ್ಟ್ರೂಮಾ ಹೊಳೆಯ ಆ ದಡದಲ್ಲಿ ಮಾತು ಒಂದಿಷ್ಟು ಬೇರೆ,
ಕೊಡಲಿ ಅದೇ.

ಒಬ್ಬರು ಎತ್ತಿ "ಕಡಿದುಬಿಡ್ತೇನೆ" ಅನ್ನಬೇಕು.
ಇನ್ನೊಬ್ಬರು ಅಡ್ಡ ಬಂದು
"ಬೇಡ, ಬಿಡು, ಬರುವ ವರ್ಷ ಬಿಡುತ್ತೆ, ನಾನು ಹೊಣೆ."
ಹೀಗೆ ಮೂರು ಸಲ.
ಬಿಡು ಅನ್ನುವುದು ಕೊಡಲಿಗೋ ಮರಕ್ಕೋ,
ಯಾರೂ ಬಿಡಿಸಿ ಹೇಳಿಲ್ಲ.

ಇಪ್ಪತ್ತೊಂಬತ್ತು ವರ್ಷ ರಾಂಗೆಲ್ ಎತ್ತಿದ, ನಾನು ಬೇಡಿದೆ.
ಏಪ್ರಿಕಾಟಿಗಾಗಿ, ಎರಡು ಪ್ಲಮ್ಮಿಗಾಗಿ,
ಒಮ್ಮೆ, ಅವನಿಗೆ ಅಮಲು ಜಾಸ್ತಿಯಾಗಿ, ಬೇಲಿಗೂಟಕ್ಕಾಗಿ.
ಹಸಿ ವಿಲ್ಲೋ ಗೂಟ. ಮಾರ್ಚಿಗೆ ಚಿಗುರಿತು.

ಈ ಮರಸೇಬು ಮಾತ್ರ ಜಗ್ಗಲಿಲ್ಲ.
ಒಂಬತ್ತು ವರ್ಷದ ಹಿಂದೆ ಕಾಡುಗಿಡದ ಬುಡಕ್ಕೆ
ತಾನೇ ಕಸಿ ಕಟ್ಟಿ, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದ.
ಎಲೆ ಬಿಟ್ಟಿತು, ನೆರಳು ಬಿಟ್ಟಿತು, ಅಷ್ಟೇ.
ಬಂಜೆ ಮರ ಅಂದಳು ನಾದಿನಿ.
ಆ ಮಾತು ಈ ಅಂಗಳದಲ್ಲಿ ಬೇಡ ಅಂದೆ.
ನನಗದು ಹಳೇ ಪರಿಚಯ.

ನೆರಳು ಬೀಳುವುದು ಬೇಲಿಯಾಚೆ,
ಮಿಂಚೊನ ದಪ್ಪಮೆಣಸಿನ ಪಾತಿಗೆ.
ರೈಲ್ವೆ ಗೇಟು ಕಾಯುತ್ತಿದ್ದವನು, ನಿಮಿಷದ ಲೆಕ್ಕದವನು:
"ದೋನ್ಕಾ, ಎರಡು ಐದಕ್ಕೆ ಮೊದಲನೇ ಸಾಲು,
ಎರಡು ಇಪ್ಪತ್ತಕ್ಕೆ ಎರಡನೇದು,
ಮೂರಕ್ಕೆ ಪೂರ್ತಿ ಕತ್ತಲು. ಕಾಯಿ ಕೆಂಪಾಗೋದು ಹೇಗೆ?"
ಪಂಚಾಯಿತಿಗೆ ಅವನದು ಎರಡು ಅರ್ಜಿ,
ಅವನ ಕೋಳಿಗಳ ಮೇಲೆ ನಮ್ಮದೊಂದು.
ರಾಂಗೆಲ್‌ನನ್ನು ಮಣ್ಣು ಮಾಡಿದ ದಿನ
ನನ್ನ ಎಲೆಕೋಸಿಗೆ ಯಾರೋ ನೀರು ಬಿಟ್ಟಿದ್ದರು.
ಯಾರೂ ಹೇಳಲಿಲ್ಲ. ಬೂಟಿನ ಗುರುತು ಹೇಳಿತು.

ಈಗ ಬೆಳ್ಳುಳ್ಳಿ ಹಿಮದಡಿ ಮಲಗಿದೆ.
ಎಲೆಕೋಸು ಪೀಪಾಯಿಯಲ್ಲಿ ಹುಳಿಯುತ್ತಿದೆ.
ಟೊಮೇಟೊ ಬೀಜ ಹಳೇ ಪತ್ರಿಕೆಗೆ ಅಂಟಿ ಒಣಗಿದೆ,
ಪಕ್ಕದಲ್ಲಿ ಅವನ ಕೈಬರಹ:
"ಗುಲಾಬಿ ಬಣ್ಣ. ದೊಡ್ಡದು. ಅತ್ತೆಯದು."
ಕೊಡಲಿಯ ಹಿಡಿ ಅವನ ಅಂಗೈಗೆ ಸವೆದಿದೆ,
ನನ್ನ ಬೆರಳು ಸುತ್ತಿ ಬರುವುದಿಲ್ಲ.

ಮೊಣಕಾಲುದ್ದ ಹಿಮದಲ್ಲಿ ನಿಂತು
"ಕಡಿದುಬಿಡ್ತೇನೆ" ಅಂದೆ.
ಯಾರೂ ಬೇಡ ಅನ್ನಲಿಲ್ಲ.
ಇನ್ನೊಮ್ಮೆ ಅಂದೆ. ದನಿ ನನಗೇ ಹೊಸದು.
ಎರಡೂ ಪಾತ್ರ ಒಬ್ಬಳೇ ಕಟ್ಟಬಹುದಿತ್ತು,
ಆದರೆ ಮರವೇನು ಪೆದ್ದೆ?
ಕೊಡಲಿಯ ಬಾಯಿ ತೊಗಟೆಗೆ ಮೆಲ್ಲಗೆ ತಾಕಿಸುವುದು ಕ್ರಮ.
ಮೆಲ್ಲಗೆ ತಾಕಲಿಲ್ಲ.

"ಏಯ್! ಬಿಡೇ ಅದನ್ನ!"

ಬೇಲಿಯಾಚೆ ಟಾರ್ಚು. ಟಾರ್ಚಿನ ಹಿಂದೆ ಮಿಂಚೊ,
ಕೈಯಲ್ಲಿ ಅರ್ಧ ಕಚ್ಚಿದ ಒಣಮೆಣಸು, ಒಳಗೆ ಬೀನ್ಸು,
ಆ ರಾತ್ರಿಯ ಊಟ.
"ಬರುವ ವರ್ಷ ಬಿಡುತ್ತೆ." ನುಂಗಿದ. "ನಾನು ಹೊಣೆ."
"ನೀನಾ?"
"ಒಬ್ಬರು ಹೇಳಬೇಕಲ್ಲ. ಬೇಗ ಎತ್ತು, ಇನ್ನೆರಡು ಸಲ ಇದೆ,
ಚಳಿ."

ಎತ್ತಿದೆ. ಬೇಡಿದ. ಎತ್ತಿದೆ. ಬೇಡಿದ,
ಮೂರನೇ ಸಲ ಸ್ವಲ್ಪ ಜೋರಾಗೇ, ಮರದ ಕಡೆ ತಿರುಗಿ.
ಆಮೇಲೆ ಕೋಳಿಗೂಡಿಂದ ಹುಲ್ಲು ತಂದು
ಗಾಯದ ಸುತ್ತ ಕಟ್ಟಿದ. ಬಿಗಿಯಾಗಿ. ಹೋದ.

ಏಪ್ರಿಲ್ಲಿನಲ್ಲಿ ಮೈತುಂಬ ಹೂವು.
ಒಂದು ರಾತ್ರಿ ಮಂಜು ಬಿದ್ದು ಮುಕ್ಕಾಲು ಕಪ್ಪಾಯಿತು.
ಆಗಸ್ಟಿಗೆ ಉಳಿದದ್ದು ಮೂರು ಕಾಯಿ,
ಎರಡು ಬೇಲಿಯಾಚೆ.

ನಿನ್ನೆ ಅವನು ಒಂದು ಕಿತ್ತ. "ಜಾಮೀನಿನ ಶುಲ್ಕ" ಅಂದ.
ಕಚ್ಚಿದ. ಕಲ್ಲು. ಮುಖ ಹಿಂಡಿಕೊಂಡು
ಉಳಿದದ್ದನ್ನು ವಿಲ್ಲೋ ಗೂಟದ ಮೇಲಿಟ್ಟ.
"ಅವಸರ ಮಾಡಿದೆ" ಅಂದ, ಮರಕ್ಕೋ ನನಗೋ.

ಇನ್ನೆರಡಿವೆ.
ನೆರಳು ಈಗಲೂ ಎರಡು ಐದಕ್ಕೇ ದಾಟುತ್ತದೆ.
ಅರ್ಜಿ ಅವನು ವಾಪಸು ತೆಗೆದುಕೊಂಡಿಲ್ಲ.